ತಂತ್ರಾಂಶ ವಾದ್ಯಗಳು: ಖರೀದಿಗೆ ಮುನ್ನ ನೋಡಬೇಕಾದ ಲೆಕ್ಕ

ಧ್ವನಿಮುದ್ರಣ ಸ್ಟುಡಿಯೋ ಕೂಡ ಒಂದು ಸಣ್ಣ ಕೈಗಾರಿಕೆಯೇ. ಜಾಹೀರಾತಿನ ಜಿಂಗಲ್, ಭಕ್ತಿಗೀತೆ, ಧಾರಾವಾಹಿಯ ಹಿನ್ನೆಲೆ ಸಂಗೀತ ಇವು ಅದರ ಉತ್ಪನ್ನಗಳು. 1983ರಲ್ಲಿ ಮಿಡಿ ಎಂಬ ಸಂಪರ್ಕ ಮಾನದಂಡ ಬಂದ ಮೇಲೆ ಬೇರೆ ಬೇರೆ ತಯಾರಕರ ಕೀಬೋರ್ಡ್‌ಗಳನ್ನು ಒಂದಕ್ಕೊಂದು ಜೋಡಿಸುವುದು ಸಾಧ್ಯವಾಯಿತು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ಹೊರತಂದ ವಿಎಸ್‌ಟಿ ವ್ಯವಸ್ಥೆಯು 1999ರ ಎರಡನೆಯ ಆವೃತ್ತಿಯೊಡನೆ ವಾದ್ಯವನ್ನೇ ಗಣಕಯಂತ್ರದೊಳಗೆ ಇಳಿಸಿತು. ಅಂದಿನಿಂದ ಸ್ಟುಡಿಯೋ ಮಾಲೀಕನ ಬಂಡವಾಳದ ಗಣನೀಯ ಭಾಗ ಕಣ್ಣಿಗೆ ಕಾಣದ ಸ್ವತ್ತಿನ ಮೇಲೆ ವ್ಯಯವಾಗುತ್ತಿದೆ.

ಗುಣಮಟ್ಟದ ಮಾತು ಮೊದಲು. ಪಿಯಾನೋ, ತಂತಿವಾದ್ಯಗಳ ಮೇಳ ಮುಂತಾದ ಪಾಶ್ಚಾತ್ಯ ಧ್ವನಿಗಳಲ್ಲಿ ತಂತ್ರಾಂಶದ ಸಾಮರ್ಥ್ಯ ಪ್ರಶ್ನಾತೀತ. ನಮ್ಮ ಸಂಗೀತದ ಗಮಕ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಸಾಮಾನ್ಯ ಕೀಬೋರ್ಡ್‌ನಲ್ಲಿ ಪಿಚ್ ಚಕ್ರವನ್ನು ತಿರುಗಿಸಿದರೆ ನುಡಿಯುತ್ತಿರುವ ಸ್ವರಗಳೆಲ್ಲ ಒಟ್ಟಿಗೆ ಜಾರುತ್ತವೆ. 2018ರಲ್ಲಿ ಅಂಗೀಕಾರಗೊಂಡ ಎಂಪಿಇ ಮಾನದಂಡವು ಪ್ರತಿ ಸ್ವರವನ್ನೂ ಪ್ರತ್ಯೇಕವಾಗಿ ಬಾಗಿಸಲು ಅವಕಾಶ ನೀಡಿತು. ಆದರೆ ವೀಣೆಯ ತಂತಿ ಎಳೆಯಬಲ್ಲ ಕೈ ಅದರೊಡನೆ ಬರುವುದಿಲ್ಲ! ಭಾರತೀಯ ವಾದ್ಯಗಳಿಗೆಂದೇ ಸ್ವಿಟ್ಜರ್ಲೆಂಡ್‌ನ ಸ್ವರ್ ಸಿಸ್ಟಮ್ಸ್ ಸಿದ್ಧಪಡಿಸಿದ ಸ್ವರ್‌ಪ್ಲಗ್‌ನಂಥ ತಂತ್ರಾಂಶಗಳಿವೆ. ತಾಳವಾದ್ಯಕ್ಕೆ ಇಂಥವು ಹೆಚ್ಚು ಉಪಯುಕ್ತ. ರಾಗಾಲಾಪನೆಗೆ ಕಲಾವಿದನನ್ನೇ ಕರೆಸುವುದು ಲೇಸು. ಶ್ರುತಿಯ ಅಗತ್ಯಕ್ಕಂತೂ ಕೊಳಲು ವಾದಕ, ಎಂಜಿನಿಯರ್ ಜಿ. ರಾಜ್ ನಾರಾಯಣ್ ಸ್ಥಾಪಿಸಿದ ಬೆಂಗಳೂರಿನ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ನಮ್ಮವರಿಗೆ ಚಿರಪರಿಚಿತ.

ಇನ್ನು ಲೆಕ್ಕಪತ್ರ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಕೀಬೋರ್ಡ್, ಧ್ವನಿಮಿಶ್ರಕ ಮುಂತಾದ ಯಂತ್ರೋಪಕರಣಕ್ಕೆ ಸವಕಳಿ ಶೇ. 15, ಗಣಕಯಂತ್ರ ಮತ್ತು ತಂತ್ರಾಂಶಕ್ಕೆ ಶೇ. 60 ಇದ್ದದ್ದು 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ಮಾಸಿಕ ಚಂದಾ ಆದರೆ ಅದು ಆ ವರ್ಷದ ವೆಚ್ಚ.

ಹಲವರು ಎಡವುವುದು ಜಿಎಸ್‌ಟಿಯಲ್ಲಿ. ನೋಂದಾಯಿತ ಸ್ಟುಡಿಯೋ ವಿದೇಶಿ ಮಾರಾಟಗಾರನಿಂದ ತಂತ್ರಾಂಶವನ್ನು ಡೌನ್‌ಲೋಡ್ ಮಾಡಿಕೊಂಡರೆ ಅದು ಸೇವೆಯ ಆಮದು. ಶೇ. 18ರ ತೆರಿಗೆಯನ್ನು ಖರೀದಿದಾರನೇ ಹಿಮ್ಮುಖ ಪದ್ಧತಿಯಲ್ಲಿ ನಗದಾಗಿ ತುಂಬಬೇಕು. ಖಾತೆಯಲ್ಲಿರುವ ಇನ್‌ಪುಟ್ ಕ್ರೆಡಿಟ್ ಇದಕ್ಕೆ ಒದಗದು. ತುಂಬಿದ ನಂತರ ಅರ್ಹತೆಯಿದ್ದಷ್ಟು ಕ್ರೆಡಿಟ್ ಪಡೆಯಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಡಾಲರ್ ಕಟ್ಟಿ ಮರೆತವರಿಗೆ ಬಡ್ಡಿ ಸಹಿತ ನೋಟೀಸು ಬರುವ ಸಂಭವವಿದೆ. ಮೂಲದಲ್ಲಿ ತೆರಿಗೆ ಕಡಿತದ ವಿಷಯದಲ್ಲಿ ಒಂದಿಷ್ಟು ಸಮಾಧಾನವುಂಟು. ಬಳಕೆದಾರನು ತಂತ್ರಾಂಶಕ್ಕೆ ನೀಡುವ ಬೆಲೆ ರಾಯಧನವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಹೇಳಿತ್ತು. ದ್ವಿತೆರಿಗೆ ಒಪ್ಪಂದಗಳ ಹಿನ್ನೆಲೆಯಲ್ಲಿ ಅದು ರಾಯಧನವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ತೀರ್ಪಿತ್ತಿತು.

ಎಲ್ಲಕ್ಕಿಂತ ಮುಖ್ಯವಾದುದು ಪರವಾನಗಿಯ ಆಯುಷ್ಯ. ಹಳೆಯ ಕೀಬೋರ್ಡ್‌ಗೆ ಮರುಮಾರಾಟದ ಬೆಲೆಯಿದೆ. ಅನೇಕ ತಂತ್ರಾಂಶಗಳ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಆಗದು. ವೇವ್ಸ್ ಸಂಸ್ಥೆ 2023ರ ಮಾರ್ಚ್‌ನಲ್ಲಿ ಶಾಶ್ವತ ಪರವಾನಗಿಯ ಮಾರಾಟವನ್ನೇ ನಿಲ್ಲಿಸಿ, ಬಳಕೆದಾರರ ಆಕ್ರೋಶಕ್ಕೆ ಮಣಿದು ಕೆಲವೇ ದಿನಗಳಲ್ಲಿ ಮರುಸ್ಥಾಪಿಸಿತು. ಸ್ಟೈನ್‌ಬರ್ಗ್‌ನ ಇ-ಲೈಸೆನ್ಸರ್ ಸೇವೆ 2025ರ ಮೇ ತಿಂಗಳಿನಲ್ಲಿ ಸ್ಥಗಿತಗೊಂಡಿತು. ಚಂದಾ ನಿಲ್ಲಿಸಿದರೆ ವಾದ್ಯದ ಧ್ವನಿಯೂ ನಿಲ್ಲುವುದರಿಂದ, ಕೆಲಸ ಮುಗಿದೊಡನೆ ಪ್ರತಿ ವಾದ್ಯದ ಭಾಗವನ್ನೂ ಧ್ವನಿ ಕಡತವಾಗಿ ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ಕ್ಷೇಮ. ಗ್ರಾಹಕನು ಎರಡು ವರ್ಷಗಳ ನಂತರ ಅದೇ ಜಿಂಗಲ್‌ಗೆ ಹೊಸ ಸಾಹಿತ್ಯ ಕೂಡಿಸಲು ಬಂದಾಗ ಆ ಕಡತ ಬೇಕಾಗುತ್ತದೆ.