ಬೆಕ್ಕು ದತ್ತು ತಗೋತೀರಾ?

ಬೆಕ್ಕು ಸಾಕುವ ಆಸೆಯಿದ್ದರೆ ದುಡ್ಡು ಕೊಟ್ಟು ಕೊಳ್ಳಬೇಡಿ. ಗಾಯಗೊಂಡ, ಯಾರೋ ಬಿಟ್ಟುಹೋದ ಪ್ರಾಣಿಗಳನ್ನು ಉಳಿಸಿ ದತ್ತು ಕೊಡುವ ಸಂಸ್ಥೆಗಳಿವೆ. ಬೆಂಗಳೂರಿನ ಕ್ಯೂಪಾ ಸಂಸ್ಥೆ 1991ರಿಂದ ಪ್ರಾಣಿಗಳಿಗಾಗಿ ದುಡಿಯುತ್ತಿದೆ.

ಆದರೆ ನಮ್ಮ ಯಾದಗಿರಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ರೈಲು. ಅಷ್ಟು ದೂರ ಯಾಕೆ? ಶಹಾಪುರದ ಸಂತೆಯಲ್ಲಿ, ಸುರಪುರದ ಓಣಿಯಲ್ಲಿ ಅನಾಥ ಮರಿಗಳಿಗೇನು ಕಡಿಮೆ? ಮರಿ ಕಂಡ ತಕ್ಷಣ ಎತ್ತಬೇಡಿ. ತಾಯಿ ಬೇಟೆಗೆ ಹೋಗಿರಬಹುದು. ದೂರ ನಿಂತು ಕೆಲವು ಗಂಟೆ ನೋಡಿ. ಬಾರದಿದ್ದರೆ ಮಾತ್ರ ಮನೆಗೆ ತನ್ನಿ.

ಮೊದಲು ಪಶು ಆಸ್ಪತ್ರೆಗೆ ಒಯ್ದು ಜಂತುವಿನ ಔಷಧಿ ಕೊಡಿಸಿ. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ. ಐದಾರು ತಿಂಗಳಿಗೆ ಸಂತಾನಹರಣ ಚಿಕಿತ್ಸೆ. ಇದನ್ನು ಮುಂದೂಡಬೇಡಿ, ಬೆಕ್ಕಿನ ಗರ್ಭ ಸುಮಾರು 65 ದಿನವಷ್ಟೇ. ಹುಟ್ಟುವ ಮರಿಗಳೂ ಓಣಿ ಪಾಲಾಗಬಾರದಲ್ಲ!

ಇನ್ನು ಹಾಲು. ಪ್ರೀತಿಯಿಂದ ಬಟ್ಟಲು ತುಂಬಾ ಇಡುತ್ತೇವೆ, ಅದೇ ಭೇದಿ ತರಿಸುತ್ತದೆ. ಬೇಯಿಸಿದ ಮೊಟ್ಟೆ, ಉಪ್ಪು ಮಸಾಲೆ ಹಾಕದ ಕೋಳಿ ಮಾಂಸ ಕೊಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ನೆರಳಲ್ಲಿ ನೀರು ಸದಾ ಇರಲಿ.

ತೊಗರಿ ಚೀಲದ ಪಕ್ಕ ಇಲಿ ಪಾಷಾಣ ಇಡುವ ಮನೆಗಳೇ, ದಯವಿಟ್ಟು ಕೇಳಿ: ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕೂ ಸಾಯಬಹುದು. ಜ್ವರ ಬಂತೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಜೀವ ತೆಗೆಯಬಹುದು. ಸೀದಾ ಡಾಕ್ಟರ ಹತ್ತಿರ ಹೋಗಿ.