ಸೊಳ್ಳೆಯೊಡನೆ ಯುದ್ಧ ಹೂಡಿದ ಸೇನಾನಿ

ಸೇನಾಪತಿ ಎಂದೊಡನೆ ನಿಮ್ಮ ಕಣ್ಣ ಮುಂದೆ ತೋಪು, ಟ್ಯಾಂಕು, ನಕಾಶೆಗಳು ಬರುವುದು ಸಹಜ. ಎರಡನೆಯ ಮಹಾಯುದ್ಧದ ಬ್ರಿಟಿಷ್ ಸೇನಾನಿ ವಿಲಿಯಂ ಸ್ಲಿಮ್ ಅವರನ್ನು ಅರಿಯಬೇಕಾದರೆ ಒಂದು ಹಳದಿ ಮಾತ್ರೆಯ ಕಥೆಯನ್ನೂ ಕೇಳಬೇಕು.

ಸ್ಲಿಮ್ 1891ರಲ್ಲಿ ಬ್ರಿಸ್ಟಲ್‌ನಲ್ಲಿ ಜನಿಸಿದರು. ತಂದೆಯ ವ್ಯಾಪಾರ ಕೈಹಿಡಿಯಲಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಶಾಲಾ ಮೇಷ್ಟರಾಗಿ, ಬಳಿಕ ಗುಮಾಸ್ತರಾಗಿ ದುಡಿದ ಅವರನ್ನು ಸೈನ್ಯಾಧಿಕಾರಿ ಮಾಡಿದ್ದು 1914ರ ಮಹಾಯುದ್ಧ. ಗ್ಯಾಲಿಪೊಲಿ, ಮೆಸೊಪೊಟೇಮಿಯಾಗಳಲ್ಲಿ ಗಾಯಗೊಂಡು, ಆಮೇಲೆ ಭಾರತೀಯ ಸೇನೆಯ ಗೂರ್ಖಾ ಪಡೆ ಸೇರಿದರು. ಸಂಬಳ ಸಾಲದೆ ‘ಆಂಥೊನಿ ಮಿಲ್ಸ್’ ಎಂಬ ಹೆಸರಿನಲ್ಲಿ ಕಥೆಗಳನ್ನೂ ಬರೆದರು. ಇಂಗ್ಲಿಷಿನಲ್ಲಿ ‘ಸ್ಲಿಮ್’ ಎಂದು ಬರೆದು ಹಿಂದಿನಿಂದ ಓದಿ ನೋಡಿ, ಗುಟ್ಟು ತಿಳಿಯುತ್ತದೆ!

1942ರಲ್ಲಿ ಜಪಾನೀಯರು ಬರ್ಮಾವನ್ನು ವಶಪಡಿಸಿಕೊಂಡರು. ಸೋತ ಪಡೆಯನ್ನು ಕಾಡುಗುಡ್ಡಗಳ ಮೂಲಕ ನಡೆಸಿ ಮಣಿಪುರಕ್ಕೆ ತಲುಪಿಸಿದವರು ಸ್ಲಿಮ್. ಮರುವರ್ಷ ಹದಿನಾಲ್ಕನೆಯ ಸೇನೆಯ ಹೊಣೆ ಅವರ ಹೆಗಲಿಗೆ ಬಿತ್ತು. ಆಗ ಅವರಿಗೆ ಕಂಡ ಲೆಕ್ಕವೇನು ಗೊತ್ತೆ? ಗಾಯಗೊಂಡು ಹಿಂದಕ್ಕೆ ಹೋಗುವ ಒಬ್ಬ ಸೈನಿಕನಿಗೆ, ರೋಗದಿಂದ ಹಿಂದಕ್ಕೆ ಹೋಗುವವರು 120 ಮಂದಿ! ಮಲೇರಿಯಾ ಒಂದರ ಪ್ರಮಾಣವೇ ವರ್ಷಕ್ಕೆ ಸೇನೆಯ ಶೇಕಡಾ 84ರಷ್ಟಿತ್ತು. ಅದಕ್ಕೆ ಮದ್ದಾದ ಕ್ವಿನೈನ್ ಸಿಂಕೋನಾ ಮರದ ತೊಗಟೆಯಿಂದ ಬರುವಂಥದು. ಆ ಮರಗಳ ದೊಡ್ಡ ತೋಟಗಳಿದ್ದ ಜಾವಾ ದ್ವೀಪ ಜಪಾನೀಯರ ಕೈಯಲ್ಲಿತ್ತು.

ಉಳಿದದ್ದು ಪ್ರಯೋಗಶಾಲೆಯಲ್ಲಿ ತಯಾರಾದ ಮೆಪಾಕ್ರಿನ್. ಇದು ಸೊಳ್ಳೆ ಕಡಿತವನ್ನು ತಡೆಯದು. ರಕ್ತಕಣ ಹೊಕ್ಕ ರೋಗಾಣುವನ್ನು ಕೊಲ್ಲುತ್ತದೆ. ಆದ್ದರಿಂದ ರಕ್ತದಲ್ಲಿ ಅದರ ಪ್ರಮಾಣ ಇಳಿಯಬಾರದು, ಮಾತ್ರೆ ತಪ್ಪಬಾರದು. ಆದರೆ ಅದು ಚರ್ಮವನ್ನು ಹಳದಿ ಮಾಡುತ್ತಿತ್ತು. ಸಾಲದ್ದಕ್ಕೆ, ಪುರುಷತ್ವ ಹೋಗುತ್ತದೆಂಬ ಗಾಳಿಸುದ್ದಿ ಬೇರೆ. ಸೈನಿಕರು ಮಾತ್ರೆಯನ್ನು ಗುಟ್ಟಾಗಿ ಎಸೆಯತೊಡಗಿದರು. ಸ್ಲಿಮ್ ಶಿಕ್ಷಿಸಿದ್ದು ಅಧಿಕಾರಿಗಳನ್ನು. ಮುನ್ಸೂಚನೆಯಿಲ್ಲದೆ ಇಡೀ ತುಕಡಿಯ ತಪಾಸಣೆ. ನೂರಕ್ಕೆ 95 ಮಂದಿಯಾದರೂ ಮಾತ್ರೆ ನುಂಗಿರದಿದ್ದರೆ ಅದರ ನಾಯಕನೇ ವಜಾ. ಮೂವರನ್ನು ತೆಗೆದದ್ದೇ ತಡ, ಉಳಿದವರಿಗೆ ಅರ್ಥವಾಯಿತು. ಜೊತೆಗೆ, ರೋಗಿಗಳನ್ನು ದೂರದ ಆಸ್ಪತ್ರೆಗಳಿಗೆ ಕಳಿಸುವ ಬದಲು ರಣರಂಗದ ಹಿಂದೆಯೇ ಡೇರೆಗಳಲ್ಲಿ ಚಿಕಿತ್ಸೆ ನೀಡಲಾಯಿತು. ತಿಂಗಳುಗಟ್ಟಲೆ ಕಾಣೆಯಾಗುತ್ತಿದ್ದವರು ವಾರಗಳಲ್ಲೇ ಮರಳಿದರು.

ವಿಮಾನದಿಂದ ಆಹಾರ ಇಳಿಸಲು ಪ್ಯಾರಾಚೂಟ್ ಬಟ್ಟೆ ಸಾಲದಾದಾಗ ಕಲ್ಕತ್ತೆಯ ಸೆಣಬು ಒದಗಿತು. ಸೆಣಬಿನ ಪ್ಯಾರಾಚೂಟ್‌ನಲ್ಲಿ ಮನುಷ್ಯ ಇಳಿಯುವಂತಿರಲಿಲ್ಲ, ಅಕ್ಕಿ ಮೂಟೆಗೆ ಅಡ್ಡಿಯಿರಲಿಲ್ಲ!

1944ರ ಮಾರ್ಚ್-ಏಪ್ರಿಲ್‌ನಲ್ಲಿ ಜಪಾನೀ ಸೇನೆ ಇಂಫಾಲ, ಕೊಹಿಮಾಗಳನ್ನು ಮುತ್ತಿತು. ಅದು ತಂದದ್ದು ಕೆಲವೇ ವಾರಗಳ ಆಹಾರ. ಉಳಿದದ್ದನ್ನು ಇಂಫಾಲದ ಉಗ್ರಾಣದಿಂದ ದೋಚುವ ಎಣಿಕೆ. ಇಂಫಾಲ ಬೀಳಲಿಲ್ಲ. ಹಿಂದಿರುಗುವ ದಾರಿಯಲ್ಲಿ ಹಸಿವು, ರೋಗಗಳಿಗೆ ಸಾವಿರಾರು ಜಪಾನೀಯರು ಬಲಿಯಾದರು. ಈ ಗೆಲುವಿನ ಕಥೆ ನಮಗೆ ಅಷ್ಟು ಸರಳವಲ್ಲ. ಸ್ಲಿಮ್ ಸೈನಿಕರಲ್ಲಿ ಹೆಚ್ಚಿನವರು ಭಾರತೀಯರು. ಜಪಾನೀಯರ ಜೊತೆಗೆ ಬಂದವರಲ್ಲಿ ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಭಾರತೀಯರೂ ಇದ್ದರು.

1945ರ ಮೇ ತಿಂಗಳಲ್ಲಿ ರಂಗೂನ್ ಮರಳಿ ಬ್ರಿಟಿಷರ ವಶವಾಯಿತು. ಸ್ಲಿಮ್ 1948ರಲ್ಲಿ ಬ್ರಿಟಿಷ್ ಸೇನೆಯ ಅತ್ಯುನ್ನತ ಹುದ್ದೆಗೇರಿದರು, ಮರುವರ್ಷ ಫೀಲ್ಡ್ ಮಾರ್ಷಲ್ ಆದರು, 1953ರಿಂದ 1960ರವರೆಗೆ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಆಗಿದ್ದರು. 1970ರಲ್ಲಿ ನಿಧನರಾದರು. ಅವರ ‘ಡಿಫೀಟ್ ಇನ್‌ಟು ವಿಕ್ಟರಿ’ 1956ರಲ್ಲಿ ಪ್ರಕಟವಾದ ಪುಸ್ತಕ. ಗ್ರಂಥಾಲಯದಲ್ಲಿ ಸಿಕ್ಕರೆ, ಕದನಗಳಿಗೆ ಹಾರುವ ಮುನ್ನ ಆಹಾರ, ಆರೋಗ್ಯ, ಮನೋಬಲಗಳನ್ನು ಕುರಿತ ಪುಟಗಳನ್ನು ಓದಿ.