ಅಳತೆ ತಪ್ಪಿದರೆ ಹಣವೆಲ್ಲ ನೀರಿನಲ್ಲಿ ಹೋಮ!
ವಾಟರ್ ಕೂಲಿಂಗ್ ಕಂಪ್ಯೂಟರಿಗೆ ಕ್ಯಾಬಿನೆಟ್ ಆರಿಸುವ ಮುಂಚೆ ಟೇಪು ಹಿಡಿಯಿರಿ

ಸೋಲಾಪುರ: ವೈಶಾಖ ಬಂತೆಂದರೆ ಗಡಿಭಾಗಕ್ಕೆ ಎರಡು ಸಂಗತಿ ಜೋಡಿಯಾಗಿ ಬರುತ್ತವೆ. ಒಂದು ಲಗ್ನಸರಾಯಿ, ಇನ್ನೊಂದು 40 ಡಿಗ್ರಿ ದಾಟುವ ಬಿಸಿಲು. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೆ ಕೆಲಸ ಮೈಮೇಲೆ ಬೀಳುವುದೂ, ಕಂಪ್ಯೂಟರ್ ಏದುಸಿರು ಬಿಡುವುದೂ ಇದೇ ಹೊತ್ತಿಗೆ. ಬೀಗರು ವಿಡಿಯೊ ಯಾವಾಗ ಅಂತ ದಿನಾ ಫೋನ್ ಮಾಡುತ್ತಿರುತ್ತಾರೆ. ಮಷಿನ್ ಮಾತ್ರ ಬಿಸಿಯಾಗಿ, ತನ್ನ ವೇಗ ತಾನೇ ತಗ್ಗಿಸಿಕೊಂಡು ಕುಂತಿರುತ್ತದೆ.

ಇದಕ್ಕೆ ಪರಿಹಾರವೆಂದು ಹಲವರು ಈಗ ವಾಟರ್ ಕೂಲಿಂಗ್ ಕಡೆ ನೋಡುತ್ತಿದ್ದಾರೆ. ಕಂಪ್ಯೂಟರಿನೊಳಗೆ ನೀರೇ ಎಂದು ಮನೆಯ ಹಿರಿಯರು ಹೌಹಾರಬೇಕಿಲ್ಲ. ಕಾರಿನ ರೇಡಿಯೇಟರ್ ಇದ್ದಂತೆಯೇ ಇದು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳ ಮೇಲೆ ಕೂರಿಸಿದ ತಾಮ್ರದ ಬ್ಲಾಕಿನಿಂದ ನೀರು ಕಾವನ್ನು ಹೊತ್ತು ತರುತ್ತದೆ. ರೇಡಿಯೇಟರಿನಲ್ಲಿ ಫ್ಯಾನಿನ ಗಾಳಿಗೆ ಆರಿ, ಪಂಪಿನ ಮೂಲಕ ಮತ್ತೆ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಜನ ಮೊದಲು ಬಣ್ಣದ ಪೈಪು, ಬ್ಲಾಕು ಕೊಂಡು, ಚಂದ ಕಂಡ ಕ್ಯಾಬಿನೆಟ್ ಅನ್ನು ಕೊನೆಗೆ ತರುತ್ತಾರೆ. ಎಡವುವುದು ಇಲ್ಲೇ. ಮೊದಲು ಆರಿಸಬೇಕಾದದ್ದು ಕ್ಯಾಬಿನೆಟ್.

ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯದು

ನೀರು ಎಷ್ಟೇ ಸುತ್ತಿದರೂ ಕೋಣೆಯ ಗಾಳಿಗಿಂತ ತಣ್ಣಗಾಗದು. ಸಣ್ಣ ರೇಡಿಯೇಟರ್ ಹಾಕಿದಾಗ ನೀರು ಕೋಣೆಗಿಂತ 20 ಡಿಗ್ರಿ ಹೆಚ್ಚು ಕಾಯುತ್ತದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ 28 ಡಿಗ್ರಿ ಕೋಣೆಯಲ್ಲಿ ಅದು 48 ಆಗುತ್ತದೆ, ಚಿಂತೆಯಿಲ್ಲ. ಪತ್ರಾ ಹೊದಿಸಿದ ಸೋಲಾಪುರದ ಮಹಡಿ ಕೋಣೆಯಲ್ಲಿ 42 ಇದ್ದರೆ ನೀರು 62ಕ್ಕೆ ಮುಟ್ಟುತ್ತದೆ. ಹೆಚ್ಚು ಬಳಕೆಯಲ್ಲಿರುವ ಡಿ5 ಪಂಪಿಗೆ ನೀರಿನ ಮಿತಿಯೇ 60 ಡಿಗ್ರಿ. ಪಿಇಟಿಜಿ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪು ಆ ಕಾವಿಗೆ ಮೆತ್ತಗಾಗತೊಡಗುತ್ತದೆ. ಜೋಡಣೆ ಸಡಿಲಾಗಿ ನೀರು ಸೋರಿದರೆ ಹೋಗುವುದು ಪೈಪಲ್ಲ, ಸಾಲ ಮಾಡಿ ತಂದ ಗ್ರಾಫಿಕ್ಸ್ ಕಾರ್ಡು.

ಹಾಗಾಗಿ ನಮ್ಮ ಕಡೆಯವರಿಗೆ ರೇಡಿಯೇಟರ್ ದೊಡ್ಡದೇ ಬೇಕು. ಪ್ರತಿ 120 ಮಿಲಿಮೀಟರ್ ಫ್ಯಾನಿನ ಜಾಗಕ್ಕೆ ಸುಮಾರು 100 ವ್ಯಾಟ್ ಎಂಬುದು ಈ ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಅಂದಾಜು. 2022ರಲ್ಲಿ ಬಂದ ಆರ್‌ಟಿಎಕ್ಸ್ 4090 ಕಾರ್ಡೊಂದೇ 450 ವ್ಯಾಟ್ ಎಳೆಯುತ್ತದೆ. 2023ರ ಆರ್‌ಟಿಎಕ್ಸ್ 4070ಗೆ 200 ವ್ಯಾಟ್. ಎರಡನೆಯದಕ್ಕೆ ಪ್ರೊಸೆಸರ್ ಸೇರಿಸಿದರೂ ಮೂರು ಫ್ಯಾನಿನ 360 ರೇಡಿಯೇಟರ್ ಒಂದು ಸಾಕೆಂದು ಲೆಕ್ಕ ಹೇಳುತ್ತದೆ. ನಮ್ಮ ಬಿಸಿಲಿಗೆ ಜೊತೆಗೊಂದು 240 ಇದ್ದರೇ ಲೇಸು. ಎರಡಕ್ಕೂ ಜಾಗ ಇರುವ ಕ್ಯಾಬಿನೆಟ್ ಹುಡುಕಬೇಕು.

ಡಬ್ಬಿ ಮೇಲಿನ ಅಂಕಿ, ಒಳಗಿನ ಜಾಗ

ಅಕ್ಕಲಕೋಟೆಯ ಹುಡುಗನೊಬ್ಬ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ಕ್ಯಾಬಿನೆಟ್ ತರಿಸಿದನೆಂದು ತಿಳಿಯಿರಿ. ಡಬ್ಬಿ ಮೇಲೆ ‘360 ರೇಡಿಯೇಟರ್ ಹಿಡಿಯುತ್ತದೆ’ ಎಂದು ಬರೆದಿದೆ. ಅವನ ರೇಡಿಯೇಟರ್ ದಪ್ಪ 45 ಮಿಲಿಮೀಟರ್, ಫ್ಯಾನ್ 25, ಒಟ್ಟು 70. ಮದರ್‌ಬೋರ್ಡ್ ಮೇಲೆ ಖಾಲಿ ಇರುವುದು 60. ಫ್ಯಾನು ಹೋಗಿ ರ‍್ಯಾಮ್‌ಗೆ ತಾಗುತ್ತದೆ. ಡಬ್ಬಿ ಸುಳ್ಳು ಹೇಳಿಲ್ಲ, 30 ಮಿಲಿಮೀಟರಿನ ತೆಳು ರೇಡಿಯೇಟರ್ ಅದರಲ್ಲಿ ಕೂರುತ್ತದೆ. ಆದರೆ ಅದನ್ನು ಮರಳಿ ಕಳಿಸುವ ಪಾರ್ಸಲ್ ಖರ್ಚು ಯಾರ ತಲೆಗೆ? ಉದ್ದದಲ್ಲೂ ಅಷ್ಟೇ. 360 ಎನ್ನುವುದು ಫ್ಯಾನುಗಳ ಅಳತೆ. ಎರಡೂ ಕೊನೆಯ ತೊಟ್ಟಿ ಸೇರಿದರೆ ಅದು 390ರಿಂದ 400 ಮಿಲಿಮೀಟರಿಗೆ ಹೋಗುತ್ತದೆ.

ಹೆಸರು ಕೇಳಿ ಮರುಳಾಗುವುದೂ ಬೇಡ. 2021ರ ಫ್ರ್ಯಾಕ್ಟಲ್ ಟೊರೆಂಟ್ ಗಾಳಿಯಾಟಕ್ಕೆ ಹೆಸರಾದದ್ದು, ಮುಂದೆ 180 ಮಿಲಿಮೀಟರಿನ ಎರಡು ದೊಡ್ಡ ಫ್ಯಾನುಗಳಿವೆ. ಆದರೆ ಪವರ್ ಸಪ್ಲೈ ಮೇಲುಗಡೆ ಇರುವುದರಿಂದ ಅಲ್ಲಿ ರೇಡಿಯೇಟರ್ ಕೂರದು. 2018ರ ಲಿಯಾನ್ ಲಿ ಒ11 ಡೈನಾಮಿಕ್ ಮೇಲೆ, ಕೆಳಗೆ, ಬದಿಗೆ ಮೂರು 360 ಹಿಡಿಯುತ್ತದೆ. ಅದರ ಮುಖ ಗಾಜಿನದು, ಗಾಳಿ ಕೆಳಗಿನಿಂದ, ಬದಿಯಿಂದ ಬರಬೇಕು. ಗೋಡೆಗೆ ಒತ್ತಿಟ್ಟರೆ, ಚಾದರದ ಮೇಲಿಟ್ಟರೆ ಅದರ ಉಸಿರು ಕಟ್ಟುತ್ತದೆ.

ಮಗ್ಗದೂರಿನ ಧೂಳು

ಸೋಲಾಪುರ ಚಾದರ, ಟಾವೆಲ್ಲಿನ ಊರು. ಪವರ್‌ಲೂಮ್ ಇರುವ ಓಣಿಗಳಲ್ಲಿ ಹತ್ತಿಯ ನವಿರು ಗಾಳಿಯಲ್ಲೇ ತೇಲುತ್ತದೆ. ರೇಡಿಯೇಟರಿನ ಸಂದಿಗೆ ಅದು ಕೂತರೆ ಕಂಬಳಿ ಹೊದಿಸಿದಂತೆ. ಆದ್ದರಿಂದ ಮುಂಭಾಗ ಜಾಲರಿಯದಿರಲಿ, ಅದರ ಹಿಂದಿನ ಫಿಲ್ಟರ್ ಸ್ಕ್ರೂ ಬಿಚ್ಚದೆ ಹೊರಗಿನಿಂದಲೇ ಎಳೆದು ತೊಳೆಯುವಂತಿರಲಿ. ಒಳಗೆ ತರುವ ಫ್ಯಾನುಗಳು ಹೊರಗೆ ತಳ್ಳುವುದಕ್ಕಿಂತ ಹೆಚ್ಚಿದ್ದರೆ ಸಂದಿಗೊಂದಿಗಳಿಂದ ಧೂಳು ನುಗ್ಗುವುದು ಕಡಿಮೆ. ಕೆಳಗೆ ನೀರು ಇಳಿಸುವ ಕವಾಟಕ್ಕೆ ಕೈ ಹೋಗುವಷ್ಟು ಜಾಗವೂ ಬೇಕು. ಇಲ್ಲದಿದ್ದರೆ ನೀರು ಬದಲಿಸಲು ಇಡೀ ಕ್ಯಾಬಿನೆಟ್ ಬೋರಲು ಹಾಕಬೇಕಾದೀತು!

ಎಲ್ಲರಿಗೂ ಇದು ಬೇಕೆಂದಲ್ಲ. ಟ್ಯಾಲಿ, ಬಿಲ್ಲು, ಮಕ್ಕಳ ಅಭ್ಯಾಸಕ್ಕೆ 65 ವ್ಯಾಟಿನ ಪ್ರೊಸೆಸರ್ ಇದ್ದವರಿಗೆ ಒಳ್ಳೆಯ ಗಾಳಿ ಕೂಲರ್, ಜಾಲರಿ ಮುಖದ ಕ್ಯಾಬಿನೆಟ್ ಸಾಕೇ ಸಾಕು. ದಿನವಿಡೀ ರೆಂಡರಿಂಗ್ ಓಡಿಸಿ ಹೊಟ್ಟೆ ಹೊರೆಯುವವರು ಮಾತ್ರ ಲೆಕ್ಕ ಹಾಕಿ ನೀರಿಗೆ ಇಳಿಯಲಿ.

ಕೊಳ್ಳುವ ಮುಂಚೆ ನೆನಪಿಡಿ

* ವ್ಯಾಟ್ ಕೂಡಿಸಿ ರೇಡಿಯೇಟರ್ ಅಳತೆ ನಿರ್ಧರಿಸಿ, ಆಮೇಲೆ ಕ್ಯಾಬಿನೆಟ್.
* ರೇಡಿಯೇಟರ್, ಫ್ಯಾನ್ ಎರಡರ ದಪ್ಪ ಕೂಡಿಸಿ ನೋಡಿ. ರ‍್ಯಾಮ್ ಎತ್ತರ ಮರೆಯಬೇಡಿ.
* ಪಂಪಿಗಿಂತ ಎತ್ತರದಲ್ಲಿ ನೀರಿನ ತೊಟ್ಟಿ ಕೂರಿಸಲು ಜಾಗ ಇದೆಯೇ?
* ಬೋರಿನ ನೀರು ಬೇಡ. ಡಿಸ್ಟಿಲ್ಡ್ ನೀರಿಗೆ ಪಾಚಿ, ತುಕ್ಕು ತಡೆಯುವ ದ್ರವ ಸೇರಿಸಿ. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಬೇಡಿ.
* ಮೊದಲ ಸಲ ಪಂಪಿಗೆ ಮಾತ್ರ ಕರೆಂಟ್ ಕೊಟ್ಟು, ಜೋಡಣೆಗಳ ಕೆಳಗೆ ಒಣ ಕಾಗದ ಹಾಸಿ ಕೆಲ ತಾಸು ಓಡಿಸಿ. ಕಾಗದ ಒಣಗಿದ್ದರಷ್ಟೇ ಮುಂದಿನ ಕೆಲಸ.